ಮನೆಯ ಓಲೆಗರಿ, ಬಸದಿಯ ಗ್ರಂಥಭಂಡಾರ: ಗ್ರಂಥಾಲಯ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ಬಗ್ಗೆ ಜೈನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ, ಹಸ್ತಪ್ರತಿಶಾಸ್ತ್ರ ಹಾಗೂ ಪತ್ರಾಗಾರ ನಿರ್ವಹಣೆ ಓದುವ ವಿದ್ಯಾರ್ಥಿಗಳಿಗೆ ತರಗತಿಯ ಪಾಠದ ಜೊತೆಗೆ ಕ್ಷೇತ್ರಕಾರ್ಯವೂ ಇರುತ್ತದೆ. ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಒಂದು ಸಂಗ್ರಹದಲ್ಲಿ ನಿಗದಿತ ಗಂಟೆಗಳ ಕಾಲ ಕೆಲಸ ಮಾಡಿ, ದಿನಚರಿ ಮತ್ತು ವರದಿ ಒಪ್ಪಿಸಿದರೆ ಅದಕ್ಕೆ ಕ್ರೆಡಿಟ್ ಸಿಗುತ್ತದೆ. ಇಂತಹ ಕೆಲಸ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೇ ನಡೆಯಬೇಕೆಂದಿಲ್ಲ. ಬಸದಿಯ ಭಂಡಾರದಲ್ಲಿ ಅಥವಾ ಶ್ರಾವಕರ ಮನೆಯಲ್ಲಿರುವ ಹಳೆಯ ಗ್ರಂಥಗಳ ಪಟ್ಟಿ ತಯಾರಿಸುವುದೂ ಕ್ಷೇತ್ರಕಾರ್ಯವಾಗಬಹುದು. ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಮೊದಲು ಮನೆಯವರು ಏನನ್ನು ಕೇಳಬೇಕು, ಯಾವುದಕ್ಕೆ ಒಪ್ಪಬೇಕು, ಯಾವುದಕ್ಕೆ ಒಪ್ಪಬಾರದು ಎಂಬ ವಿವರ ಇಲ್ಲಿದೆ.

ಮೋರಖಂಡಿ ಕಲಿಸುವ ಪಾಠ

ಬೀದರ್ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯ ಹೆಸರು ಇತಿಹಾಸಕಾರರಿಗೆ ಪರಿಚಿತ. ರಾಷ್ಟ್ರಕೂಟ ಮೂರನೆಯ ಗೋವಿಂದನ ವಣಿ ಮತ್ತು ರಾಧನಪುರ ತಾಮ್ರಶಾಸನಗಳು ಮಯೂರಖಂಡಿಯಿಂದ ಹೊರಟವು. ಆ ಮಯೂರಖಂಡಿ ಇದೇ ಮೋರಖಂಡಿ ಎಂದು ಕೆಲವು ವಿದ್ವಾಂಸರು ಹೇಳಿದರೆ, ನಾಸಿಕ ಜಿಲ್ಲೆಯ ಮಾರ್ಕಿಂಡ ಕೋಟೆ ಎಂದು ಇನ್ನು ಕೆಲವರು ಹೇಳುತ್ತಾರೆ. ಹೆಸರು ಉಳಿದರೂ ಜಾಗದ ಗುರುತು ಉಳಿಯದಿದ್ದರೆ ಹೀಗಾಗುತ್ತದೆ.

ಮನೆಯ ಗ್ರಂಥಕ್ಕೂ ಇದೇ ಮಾತು ಅನ್ವಯಿಸುತ್ತದೆ. ಒಂದು ಓಲೆಗರಿ ಕಟ್ಟು ಯಾವ ಊರಿನದು, ಯಾವ ಮನೆತನದ್ದು, ಯಾರ ಕಾಲದಲ್ಲಿ ಬಂದದ್ದು ಎಂಬುದು ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇದ್ದರೆ, ಅವರ ನಂತರ ಅದು ವಿಳಾಸವಿಲ್ಲದ ಗ್ರಂಥವಾಗುತ್ತದೆ. ಪತ್ರಾಗಾರದ ವಿದ್ಯಾರ್ಥಿಗಳಿಗೆ ಕಲಿಸುವ ಮೊದಲ ಎರಡು ನಿಯಮಗಳೂ ಇವೇ: ದಾಖಲೆಯ ಮೂಲ ಯಾವುದೆಂದು ಬರೆದಿಡಬೇಕು, ಅದು ಇದ್ದ ಕ್ರಮವನ್ನು ಕೆಡಿಸಬಾರದು.

ಈ ಭಾಗದ ಕೆಲಸಕ್ಕೆ ಇನ್ನೊಂದು ವಿಶೇಷವಿದೆ. 1956ರ ನವೆಂಬರ್ 1ರವರೆಗೆ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಆದ್ದರಿಂದ ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳೆಯ ಪೆಟ್ಟಿಗೆ ತೆರೆದಾಗ ಕನ್ನಡದ ಜೊತೆಗೆ ಉರ್ದು ಕಾಗದಪತ್ರಗಳು, ಮೋಡಿ ಲಿಪಿಯ ಮರಾಠಿ ಲೆಕ್ಕಗಳು ಸಿಗಬಹುದು. ಓದಲು ಬಾರದ್ದೆಲ್ಲ ರದ್ದಿಯಲ್ಲ. ಜಮೀನಿನ ಕಾಗದ, ಕಿರ್ದಿ ಪುಸ್ತಕ, ಬಸದಿಗೆ ಕೊಟ್ಟ ದಾನದ ಪತ್ರ, ಪೂಜೆಯ ಖರ್ಚಿನ ಚೀಟಿ ಎಲ್ಲವೂ ಸಮಾಜದ ಇತಿಹಾಸಕ್ಕೆ ಆಧಾರ.

ಶಾಸ್ತ್ರದಾನದ ಮುಂದುವರಿಕೆ

ಗ್ರಂಥ ಉಳಿಸುವ ಕೆಲಸ ಜೈನರಿಗೆ ಹೊಸದಲ್ಲ. ಚಾಲುಕ್ಯ ತೈಲಪನ ಕಾಲದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದಳು. ಪ್ರತಿ ಮಾಡಿಸುವುದು ಅಂದಿನ ರಕ್ಷಣೆಯ ದಾರಿಯಾಗಿತ್ತು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳೆಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದಿದ್ದ ಧವಲಾ ಟೀಕೆ ಹೊರಜಗತ್ತಿಗೆ ಸಿಕ್ಕಿದ್ದೂ ಪ್ರತಿಗಳ ಮೂಲಕವೇ. ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ 1939ರಲ್ಲಿ ಪ್ರಕಟವಾಯಿತು.

ಪಟ್ಟಿ ಮಾಡುವ ಕೆಲಸದ ಬೆಲೆ ತಿಳಿಯಲು ಪಂ. ಕೆ. ಭುಜಬಲಿ ಶಾಸ್ತ್ರಿಗಳನ್ನು ನೆನೆಯಬೇಕು. ಬಿಹಾರದ ಆರಾ ನಗರದ ಜೈನ ಸಿದ್ಧಾಂತ ಭವನದಲ್ಲಿ ಗ್ರಂಥಪಾಲರಾಗಿದ್ದ ಅವರು ಸಿದ್ಧಪಡಿಸಿದ ಕನ್ನಡ ಪ್ರಾಂತದ ತಾಡಪತ್ರ ಗ್ರಂಥಗಳ ಸೂಚಿಯನ್ನು ಭಾರತೀಯ ಜ್ಞಾನಪೀಠ 1948ರಲ್ಲಿ ಪ್ರಕಟಿಸಿತು. ಮೂಡುಬಿದಿರೆ, ಕಾರ್ಕಳದಂತಹ ಕಡೆಯ ಭಂಡಾರಗಳಲ್ಲಿ ಏನಿದೆ ಎಂಬುದನ್ನು ದೂರದ ವಿದ್ವಾಂಸರೂ ಅದರಿಂದ ತಿಳಿಯುವಂತಾಯಿತು. ಗ್ರಂಥಗಳು ಇದ್ದಲ್ಲೇ ಇದ್ದವು, ಅವುಗಳ ವಿವರ ಮಾತ್ರ ಹೊರಗೆ ಹೋಯಿತು. ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೂ ಇದೇ ಮಾದರಿಯಾಗಬೇಕು.

ಕ್ರೆಡಿಟ್ ಲೆಕ್ಕ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಪದವಿ ಪಠ್ಯಕ್ರಮ ಚೌಕಟ್ಟಿನಲ್ಲಿ ಕ್ಷೇತ್ರಕಾರ್ಯ ಮತ್ತು ಇಂಟರ್ನ್‌ಶಿಪ್‌ನ ಒಂದು ಕ್ರೆಡಿಟ್ ಎಂದರೆ ಒಂದು ಸೆಮಿಸ್ಟರ್‌ನಲ್ಲಿ ವಾರಕ್ಕೆ 2 ಗಂಟೆಯ ಕೆಲಸ. 15 ವಾರಗಳಿಗೆ 30 ಗಂಟೆಯಾಗುತ್ತದೆ. 4 ಕ್ರೆಡಿಟ್‌ಗೆ 120 ಗಂಟೆ. ದಿನಕ್ಕೆ 6 ಗಂಟೆಯಂತೆ 20 ದಿನ. ಸ್ನಾತಕೋತ್ತರ ತರಗತಿಗಳಲ್ಲಿ ಆಯಾ ವಿಶ್ವವಿದ್ಯಾಲಯದ ನಿಯಮದಂತೆ ಇದು ಬದಲಾಗಬಹುದು.

ಈ ಲೆಕ್ಕ ಮನೆಯವರಿಗೂ ಗೊತ್ತಿರಬೇಕು. 20 ದಿನದಲ್ಲಿ ಗ್ರಂಥ ಸಂಪಾದನೆ ಆಗುವುದಿಲ್ಲ. ಧೂಳು ತೆಗೆಯುವುದು, ಎಣಿಸುವುದು, ಅಳೆಯುವುದು, ಪಟ್ಟಿ ಬರೆಯುವುದು ಆಗುತ್ತದೆ. ಪ್ರತಿ ಕಟ್ಟಿಗೂ ಒಂದು ನಮೂನೆ ತುಂಬಬೇಕು: ಗ್ರಂಥದ ಹೆಸರು, ಕರ್ತೃ, ಲಿಪಿಕಾರ, ಭಾಷೆ, ಲಿಪಿ, ಗರಿ ಅಥವಾ ಹಾಳೆಗಳ ಸಂಖ್ಯೆ, ಉದ್ದ-ಅಗಲ, ಪುಟಕ್ಕೆ ಎಷ್ಟು ಸಾಲು, ಪೂರ್ಣವೋ ಅಪೂರ್ಣವೋ, ಈಗಿನ ಸ್ಥಿತಿ, ಯಾರ ಬಳಿ ಇದೆ. ಕೊನೆಯ ಗರಿಯಲ್ಲಿ ಬರೆಸಿದವರ ಹೆಸರು, ತಿಥಿ, ಊರು ಇದ್ದರೆ ಅದನ್ನು ಇದ್ದಂತೆಯೇ ಇಳಿಸಿಕೊಳ್ಳಬೇಕು. ಓದಲು ಬಾರದ ಕಡೆ ಊಹಿಸಿ ಬರೆಯಬಾರದು. ‘ಲಿಪಿ ಮೋಡಿ, ಬಲ್ಲವರಿಂದ ಓದಿಸಬೇಕು’ ಎಂದು ಬರೆದರೆ ಅದೂ ಸರಿಯಾದ ನಮೂದೇ.

ಒಪ್ಪುವ ಮೊದಲು ಕೇಳಬೇಕಾದ್ದು

* ವಿಭಾಗದ ಪತ್ರ ಇರಬೇಕು. ಅದರಲ್ಲಿ ವಿದ್ಯಾರ್ಥಿಗಳ ಹೆಸರು, ದಿನಾಂಕ, ಕೆಲಸದ ವಿವರ ಮತ್ತು ಹೊಣೆ ಹೊತ್ತ ಅಧ್ಯಾಪಕರ ಸಹಿ ಇರಲಿ.
* ಮೊದಲ ದಿನ ಪೆಟ್ಟಿಗೆ ತೆರೆಯುವಾಗ ಅಧ್ಯಾಪಕರು ಹಾಜರಿರಬೇಕು. ಉಳಿದ ದಿನಗಳಲ್ಲಿ ಮನೆಯ ಅಥವಾ ಬಸದಿ ಸಮಿತಿಯ ಒಬ್ಬರು ಜೊತೆಗಿರಬೇಕು.
* ಗ್ರಂಥ ಹೊರಗೆ ಹೋಗಬಾರದು. ‘ಎರಡು ದಿನದಲ್ಲಿ ತಂದುಕೊಡುತ್ತೇವೆ’ ಎಂದರೂ ಒಪ್ಪಬೇಡಿ. ಫೋಟೋ ತೆಗೆಯುವುದಿದ್ದರೆ ಅಲ್ಲೇ, ಫ್ಲ್ಯಾಶ್ ಇಲ್ಲದೆ ತೆಗೆಯಲಿ.
* ಫೋಟೋಗಳನ್ನು ಯಾರು ಇಟ್ಟುಕೊಳ್ಳುತ್ತಾರೆ, ಅಂತರ್ಜಾಲದಲ್ಲಿ ಹಾಕಬಹುದೇ ಎಂಬುದು ಮೊದಲೇ ಬರಹದಲ್ಲಿ ತೀರ್ಮಾನವಾಗಲಿ. ಬದುಕಿರುವವರ ಜಾತಕ, ಸಾಲದ ಪತ್ರ, ವ್ಯಾಜ್ಯದ ಕಾಗದಗಳನ್ನು ಪಟ್ಟಿಯಿಂದ ಹೊರಗಿಡುವ ಹಕ್ಕು ಮನೆಯವರದು.
* ಪಟ್ಟಿ, ಫೋಟೋ, ವರದಿಯ ಒಂದು ಪ್ರತಿ ಮನೆಗೆ ಅಥವಾ ಬಸದಿಗೆ ಬರಲೇಬೇಕು. ಅಂಕ ಕೊಡುವ ಮೊದಲೇ ಈ ಪ್ರತಿ ತಲುಪಿರಬೇಕೆಂದು ವಿಭಾಗವನ್ನು ಕೇಳುವುದು ತಪ್ಪಲ್ಲ.

ವಿದ್ಯಾರ್ಥಿಗಳು ಬೇರೆ ಸಮಾಜದವರಿರಬಹುದು. ಬಸದಿಯಲ್ಲಿ ಕೆಲಸವಾದರೆ ಚರ್ಮದ ಬೆಲ್ಟ್, ಚೀಲ, ಕ್ಯಾಮೆರಾದ ಚರ್ಮದ ಪಟ್ಟಿ ತರಬಾರದು, ಒಳಗೆ ತಿಂಡಿ ತಿನ್ನಬಾರದು, ಸೂರ್ಯಾಸ್ತದ ಮೊದಲು ಕೆಲಸ ಮುಗಿಸಬೇಕು ಎಂಬುದನ್ನು ಮೊದಲೇ ತಿಳಿಸಿದರೆ ಮುಜುಗರವಾಗದು. ಅವರು ಕಲಿಯಲು ಬಂದವರು. ಬಸದಿಯ ಇತರ ಚಾಕರಿ ಹಚ್ಚುವುದು ಸರಿಯಲ್ಲ.

ಕೈ ತಪ್ಪಬಾರದ ಕಡೆ

ಓಲೆಗರಿ ಕಟ್ಟಿನ ದಾರ ಜೀರ್ಣವಾಗಿದ್ದರೆ ಬಿಚ್ಚುವಾಗಲೇ ಗರಿಗಳು ಚದುರುತ್ತವೆ. ಗರಿಯ ಅಂಚಿನ ಸಂಖ್ಯೆಯನ್ನು ನೋಡಿಕೊಂಡೇ ಮುಟ್ಟಬೇಕು. ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬಾರದು. ಅದು ಸಂರಕ್ಷಣಾ ತಜ್ಞರ ಕೆಲಸ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡಿರಬೇಕು. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುವುದು, ಹುಳುವಿನ ಪುಡಿ ಉದುರಿಸುವುದು ಬೇಡ. ಮರದ ಹಲಗೆಗಳ ನಡುವೆ ಇಟ್ಟು ತೊಳೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿಡುವ ಹಳೆಯ ಪದ್ಧತಿಯೇ ಒಳ್ಳೆಯದು.

ಕಾನೂನು ಮತ್ತು ಸರ್ಕಾರದ ಯೋಜನೆ

75 ವರ್ಷಕ್ಕೂ ಹಳೆಯದಾದ, ಐತಿಹಾಸಿಕ, ಸಾಹಿತ್ಯಿಕ ಅಥವಾ ವೈಜ್ಞಾನಿಕ ಮೌಲ್ಯವುಳ್ಳ ಹಸ್ತಪ್ರತಿ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ದೇಶದಾದ್ಯಂತ ಸಮೀಕ್ಷೆ ನಡೆಸಿತ್ತು. 2025-26ರ ಕೇಂದ್ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಮಿಷನ್ ಘೋಷಣೆಯಾಗಿ, ಖಾಸಗಿ ಸಂಗ್ರಹಗಳನ್ನೂ ಸೇರಿಸಿ 1 ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ದಾಖಲಿಸುವ ಗುರಿ ಇಡಲಾಗಿದೆ. ಇಂತಹ ಸಮೀಕ್ಷೆಯವರು ಬಂದಾಗ ಕೈಯಲ್ಲಿ ಪಟ್ಟಿ ಇರುವ ಬಸದಿಗೆ ಕೆಲಸ ಸುಲಭ.

ಎಲ್ಲಿಂದ ಆರಂಭಿಸುವುದು

ಶ್ರುತಪಂಚಮಿಯಂದು ಬಸದಿಗಳಲ್ಲಿ ಶಾಸ್ತ್ರಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರ ಸುತ್ತಿ ಪೂಜಿಸುವ ಸಂಪ್ರದಾಯವಿದೆ. ಅಂದೇ ಒಂದು ನೋಟ್‌ಬುಕ್ ಇಟ್ಟುಕೊಂಡು ಎಷ್ಟು ಕಟ್ಟುಗಳಿವೆ, ಯಾರ ಮನೆಯಿಂದ ಬಂದವು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಬಹುದು. ಆಮೇಲೆ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ಅಥವಾ ಹಸ್ತಪ್ರತಿ ವಿಭಾಗಕ್ಕೆ ಬಸದಿ ಸಮಿತಿಯ ಹೆಸರಿನಲ್ಲಿ ಪತ್ರ ಬರೆದರೆ, ಮುಂದಿನ ಸೆಮಿಸ್ಟರ್‌ನ ಕ್ಷೇತ್ರಕಾರ್ಯದ ಯೋಜನೆಯಲ್ಲಿ ಸೇರಿಸಿಕೊಳ್ಳಲು ವಿಭಾಗಕ್ಕೂ ಸಮಯ ಸಿಗುತ್ತದೆ. ಕಟ್ಟುಗಳ ಹಿನ್ನೆಲೆ ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಆಗಬೇಕು.