ಶೇಂಗಾ ತಿಂದೇ ಮೈ ಕಟ್ಟಬಹುದೇ?

ಪ್ರಶ್ನೆ: ಪತ್ತಿಕೊಂಡದಲ್ಲಿ ಶೇಂಗಾಕ್ಕೆ ಕೊರತೆಯಿಲ್ಲ. ಜಿಮ್‌ಗೆ ಹೋಗುವ ನನಗೆ ಅದೊಂದೇ ಸಾಲದೇ? ಪ್ರೋಟೀನ್ ಪುಡಿಯೂ ಬೇಕೇ?

ಉತ್ತರ: ಶೇಂಗಾ ಒಂದೇ ಸಾಲದು. ಹಾಗೆಂದು ಪುಡಿ ಬೇಕೇ ಬೇಕು ಅಂತೇನೂ ಇಲ್ಲ. ತೂಕ ಎತ್ತಿ ಸ್ನಾಯು ಬೆಳೆಸುವವರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಗುವವರಿಗೆ 96 ಗ್ರಾಂ ಆಯಿತು. 100 ಗ್ರಾಂ ಶೇಂಗಾಬೀಜದಲ್ಲಿರುವುದು ಸುಮಾರು 25 ಗ್ರಾಂ, ಜೊತೆಗೆ ಹತ್ತಿರಹತ್ತಿರ ಅರ್ಧದಷ್ಟು ಎಣ್ಣೆ. ಅದರಿಂದಲೇ ಲೆಕ್ಕ ತುಂಬಿಸಹೊರಟರೆ ದಿನಕ್ಕೆ 2000 ಕ್ಯಾಲೊರಿ ದಾಟುತ್ತದೆ.

ಇನ್ನೊಂದು ಮುಖ್ಯ ಸಂಗತಿಯಿದೆ. ಜೋಳದಲ್ಲೂ ಶೇಂಗಾದಲ್ಲೂ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ತೊಗರಿಬೇಳೆಯಲ್ಲಿ ಅದು ಧಾರಾಳ. ಹಾಗಾಗಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೇಳೆ, ಮೊಸರಿನ ಊಟವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬೇಳೆ ಮಾತ್ರ ಗಟ್ಟಿಯಾಗಿರಲಿ, ಪಾಲೂ ಹೆಚ್ಚಲಿ. ಮೊಟ್ಟೆ ತಿನ್ನುವವರಾದರೆ ಒಂದಕ್ಕೆ 6 ಗ್ರಾಂ ಪ್ರೋಟೀನ್ ಸಿಕ್ಕಿತು.

ವೇ ಎಂಬ ಪ್ರೋಟೀನ್ ಪುಡಿ ಹಾಲಿನಿಂದಲೇ ಬರುವಂಥದ್ದು; ಊಟದಲ್ಲಿ ಕಡಿಮೆ ಬಿದ್ದದ್ದನ್ನು ತುಂಬುತ್ತದೆ, ಅಷ್ಟೇ. ಪೂರಕಗಳಲ್ಲಿ ಚೆನ್ನಾಗಿ ಪರೀಕ್ಷೆಗೊಳಗಾದದ್ದು ಕ್ರಿಯಾಟಿನ್, ದಿನಕ್ಕೆ 3ರಿಂದ 5 ಗ್ರಾಂ. ಮೂತ್ರಪಿಂಡದ ತೊಂದರೆಯಿದ್ದರೆ ವೈದ್ಯರನ್ನು ಕೇಳದೆ ಎರಡನ್ನೂ ಮುಟ್ಟಬೇಡಿ. ಊಟದ ಜೊತೆಗೆ ಎತ್ತುವ ತೂಕವೂ ನಿಧಾನವಾಗಿ ಏರುತ್ತಿರಬೇಕು, ದಣಿದ ಸ್ನಾಯುವಿಗೆ ಒಂದೆರಡು ದಿನ ಬಿಡುವು, ರಾತ್ರಿ 7–8 ಗಂಟೆ ನಿದ್ದೆ ಬೇಕು.