ಉಂಡವರಿಗೇ ಬಟ್ಟಲು

ಜಾನ್ ಹಾರ್ಟಮ್ ಅಮೆರಿಕದ ಮಿಷಿಗನ್ ರಾಜ್ಯದ ಬ್ಲೂಮ್‌ಫೀಲ್ಡ್ ಹಿಲ್ಸ್‌ನಲ್ಲಿ ಹೈಸ್ಕೂಲಿನ ಕಲಾ ಮೇಷ್ಟ್ರಾಗಿದ್ದರು. 1990ರಲ್ಲಿ ಹಸಿದವರ ನೆರವಿಗೆ ಹಣ ಕೂಡಿಸಬೇಕಾಗಿ ಬಂದಾಗ ಅವರು ತಮ್ಮ ವಿದ್ಯಾರ್ಥಿಗಳ ಕೈಗೆ ಜೇಡಿಮಣ್ಣು ಕೊಟ್ಟರು. ಮಕ್ಕಳು ಬಟ್ಟಲು ಮಾಡಿದರು, ಅದೇ ಬಟ್ಟಲಲ್ಲಿ ಅತಿಥಿಗಳಿಗೆ ಸೂಪು ಬಡಿಸಿದರು. ಉಂಡವರು ದೇಣಿಗೆ ಕೊಟ್ಟು ಬಟ್ಟಲನ್ನು ಮನೆಗೆ ಒಯ್ದರು, ಎಲ್ಲೋ ಯಾರದೋ ಬಟ್ಟಲು ಇನ್ನೂ ಖಾಲಿ ಇದೆ ಎಂಬ ನೆನಪಿಗೆ. ಹಾರ್ಟಮ್ ಮತ್ತು ಲೀಸಾ ಬ್ಲ್ಯಾಕ್‌ಬರ್ನ್ ಕಟ್ಟಿ ಬೆಳೆಸಿದ ಈ 'ಎಂಪ್ಟಿ ಬೌಲ್ಸ್' ಇಂದು ಹಲವು ದೇಶಗಳ ಶಾಲೆಗಳಲ್ಲಿ ನಡೆಯುತ್ತದೆ.

ತಿಗರಿಯ ಮೇಲೆ ಮಾಡಿದ ಬಟ್ಟಲುಗಳೂ ಇದಕ್ಕೆ ಬರುತ್ತವೆ. ಆದರೆ ತಿಗರಿ ಕೈಗೆ ಒಗ್ಗಲು ಬಹಳ ಕಾಲ ಬೇಕು. ತರಗತಿಯ ಅಷ್ಟೂ ಮಕ್ಕಳಿಗೆ ತಿಗರಿ ಸಿಗುವುದೂ ಇಲ್ಲ. ಹಾಗಾಗಿ ಹೊಸಬರಿಗೆ ಕೈಕೆಲಸವೇ ದಾರಿ. ಮುಷ್ಟಿಗಾತ್ರದ ಉಂಡೆಯ ನಡುವೆ ಹೆಬ್ಬೆರಳು ಊರಿ, ತಿರುಗಿಸುತ್ತಾ ಚಿವುಟಿ ಗೋಡೆ ಎಬ್ಬಿಸುವುದು ಮೊದಲ ಪಾಠ. ಕೋಡುಬಳೆಗೆ ಹೊಸೆದಂತೆ ಮಣ್ಣು ಹೊಸೆದು ಸುತ್ತಿನ ಮೇಲೆ ಸುತ್ತು ಪೇರಿಸುವುದು ಇನ್ನೊಂದು ಬಗೆ. ಮಣ್ಣನ್ನು ಹಾಳೆಯಾಗಿ ಲಟ್ಟಿಸಿ ಅಚ್ಚಿನ ಮೇಲೆ ಹೊದಿಸುವುದೂ ಉಂಟು.

ಕಷ್ಟವಿರುವುದು ಬೆಸುಗೆಯಲ್ಲಿ. ಕೂಡಿಸುವ ಎರಡೂ ಅಂಚಿಗೆ ಗೀರು ಹಾಕಿ, ಮಣ್ಣಿನ ರಾಡಿ ಬಳಿದು ಒತ್ತಬೇಕು. ಒಂದು ಭಾಗ ಹಸಿ, ಇನ್ನೊಂದು ಒಣಗಿದ್ದು ಆದರೆ ಒಣಗುವಾಗ ಸೀಳುವುದೇ ಹೆಚ್ಚು. ಅದಕ್ಕೇ ಪ್ಲಾಸ್ಟಿಕ್ ಮುಚ್ಚಿ ನಿಧಾನವಾಗಿ ಒಣಗಿಸುತ್ತಾರೆ. ಹದಿಹರೆಯದವರಿಗೆ ಇಷ್ಟು ತಾಳ್ಮೆ ಕಲಿಸುವ ಬೇರೆ ವಿಷಯ ಶಾಲೆಯಲ್ಲಿ ನನಗೆ ಕಾಣುವುದಿಲ್ಲ, ಗಣಿತವನ್ನೂ ಸೇರಿಸಿ. ಆವಿಗೆಯಲ್ಲಿ ಪಾತ್ರೆ ಸಿಡಿದರೆ ಮಣ್ಣೊಳಗಿನ ಗಾಳಿಗುಳ್ಳೆಯ ಮೇಲೆ ತಪ್ಪು ಹೊರಿಸುವುದು ವಾಡಿಕೆ. ನಿಜವಾದ ಕಾರಣ ಒಳಗೆ ಉಳಿದ ನೀರು: ಅದು ಆವಿಯಾಗಿ ಹೊರಬರಲು ದಾರಿ ಸಿಗದೆ ಗೋಡೆಯನ್ನು ಒಡೆಯುತ್ತದೆ. ದಪ್ಪ ತಳದ ಬಟ್ಟಲುಗಳಿಗೇ ಈ ಗತಿ ಹೆಚ್ಚು.

ಶಾಲೆಯ ವಿದ್ಯುತ್ ಆವಿಗೆಯಲ್ಲಿ ಸಾಮಾನ್ಯವಾಗಿ 1,000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಒಮ್ಮೆ ಸುಟ್ಟು, ಗ್ಲೇಜ್ ಬಳಿದು ಮತ್ತೆ ಸುಡುತ್ತಾರೆ. ತಳದ ಗ್ಲೇಜ್ ಒರೆಸಲು ಮರೆತರೆ ಬಟ್ಟಲು ಆವಿಗೆಯ ಹಲಗೆಗೆ ಅಂಟಿಕೊಂಡೀತು.

ಶಾಲೆಯ ಕಲಾಕೃತಿಗಳು ಬಹುತೇಕ ಅಂಕ ಪಡೆದು ಅಟ್ಟ ಸೇರುತ್ತವೆ. ಇಲ್ಲಿ ಬಟ್ಟಲಿಗೆ ಒಬ್ಬ ಉಣ್ಣುವವನಿದ್ದಾನೆ. ಅಂಚು ತುಟಿಗೆ ಚುಚ್ಚಬಾರದು, ತಳ ಅಲುಗಬಾರದು, ಸೂಪು ಸೋರಬಾರದು. ಸೊಟ್ಟಗಿದ್ದರೆ ಇರಲಿ, ಅತಿಥಿಗಳು ಬೆರಳ ಗುರುತು ಇರುವ ಬಟ್ಟಲನ್ನೇ ಹುಡುಕಿ ಆರಿಸಿಕೊಂಡರೆ ನನಗೇನೂ ಆಶ್ಚರ್ಯವಿಲ್ಲ.

ನಮ್ಮ ಡ್ರಾಯಿಂಗ್ ಮೇಷ್ಟ್ರುಗಳು ಇದನ್ನು ಒಮ್ಮೆ ಮಾಡಿ ನೋಡಬೇಕು. ಆಹಾರಕ್ಕೆ ಸಲ್ಲುವ, ಸೀಸವಿಲ್ಲದ ಗ್ಲೇಜ್ ಬಳಸಿ. ಕೂಡಿದ ಹಣ ಹಸಿದವರ ಊಟಕ್ಕೇ ಹೋಗಲಿ.