ಕರಗಿದ ಕೊಬ್ಬು ಎಲ್ಲಿಗೆ ಹೋಯಿತು?

ಮೈತೂಕದ ಬಗ್ಗೆ ಎಲ್ಲಿ ಮಾತಾಡಲು ಹೋದರೂ ಮೊದಲು ಒಂದು ಪ್ರಶ್ನೆ ಕೇಳುವುದು ನನ್ನ ರೂಢಿ. ಒಬ್ಬರು ಬೆಳಿಗ್ಗೆ ಎದ್ದು ಓಡಿದರು, ಊಟ ಹಿಡಿತಕ್ಕೆ ತಂದರು, ವರ್ಷದೊಳಗೆ ಹತ್ತು ಕಿಲೋ ಇಳಿದರು. ಆ ಹತ್ತು ಕಿಲೋ ಕೊಬ್ಬು ಎಲ್ಲಿಗೆ ಹೋಯಿತು?

ಹಾಸನದ ಹತ್ತಿರದ ಶಾಂತಿಗ್ರಾಮದಲ್ಲಿ ಕೇಳಿದಾಗ ಮುಂದಿನ ಸಾಲಿನಿಂದ ತಕ್ಷಣ ಉತ್ತರ ಬಂತು: "ಬೆವರಾಗಿ ಹೋಯ್ತು ಸಾರ್." ಹಿಂದೆ ಕೂತಿದ್ದ ಅಜ್ಜಿಯೊಬ್ಬರು, "ಬೆಳಿಗ್ಗೆ ಹೊರಕಡೆಗೆ ಹೋದಾಗ ಹೋಯ್ತದೆ ಬುಡಪ್ಪ" ಎಂದು ಎಲ್ಲರನ್ನೂ ನಗಿಸಿದರು. ಕಾಲೇಜಿನ ಹುಡುಗನೊಬ್ಬ "ಶಾಖವಾಗಿ ಬದಲಾಗುತ್ತೆ" ಎಂದ. ಮೂರೂ ತಪ್ಪು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆಸ್ಟ್ರೇಲಿಯಾದ ರೂಬೆನ್ ಮೀರ್ಮನ್ ಮತ್ತು ಆಂಡ್ರ್ಯೂ ಬ್ರೌನ್ ಇದೇ ಪ್ರಶ್ನೆಯನ್ನು ವೈದ್ಯರಿಗೆ, ಆಹಾರತಜ್ಞರಿಗೆ, ಜಿಮ್ ತರಬೇತುದಾರರಿಗೆ ಕೇಳಿ ನೋಡಿದ್ದರು. ಅವರಲ್ಲೂ ಹೆಚ್ಚಿನವರು ಎಡವಿದರು. ಇಬ್ಬರೂ ಸೇರಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೆಕ್ಕ ಬಿಡಿಸಿಟ್ಟರು. ಹತ್ತು ಕಿಲೋ ಕೊಬ್ಬಿನಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ ಹೊರಟುಹೋಗುತ್ತದೆ. ಉಳಿದ 1.6 ಕಿಲೋ ನೀರಾಗುತ್ತದೆ. ಅಂದರೆ ಕೊಬ್ಬು ದೇಹವನ್ನು ಬಿಡುವ ಹೆಬ್ಬಾಗಿಲು ನಮ್ಮ ಉಸಿರು.

ಇದನ್ನು ನಂಬಿಸುವುದು ಕಷ್ಟ. ಗಾಳಿಗೆ ತೂಕವಿದೆ ಎಂದು ನಮ್ಮ ಮನಸ್ಸು ಒಪ್ಪುವುದಿಲ್ಲ. ಆದರೆ ಹಾಸನ ಸೀಮೆಯ ಹಳಬರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ, ಅವರಿಗೆ ಹಗೇವು ಗೊತ್ತು. ನೆಲದೊಳಗೆ ಹೂಜಿಯಾಕಾರದ ಗುಂಡಿ ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬರಗಾಲಕ್ಕೆಂದು ವರ್ಷಗಟ್ಟಲೆ ಇಡುತ್ತಿದ್ದ ಉಳಿತಾಯ ಅದು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಕಾಯಬೇಕು. ಅವಸರಪಟ್ಟು ಇಳಿದವರು ಉಸಿರುಗಟ್ಟಿ ಸತ್ತದ್ದೂ ಉಂಟು. ಯಾಕೆ? ಒಳಗಿದ್ದ ರಾಗಿಗೆ ಜೀವವಿದೆ. ಅದು ಮೆಲ್ಲಗೆ ಉಸಿರಾಡುತ್ತಲೇ ಇರುತ್ತದೆ. ಗುಂಡಿಯೊಳಗಿನ ಆಮ್ಲಜನಕವನ್ನು ಬಳಸಿ, ತನ್ನ ಹಿಟ್ಟಿನ ಒಂದು ಪಾಲನ್ನು ಇಂಗಾಲದ ಡೈಆಕ್ಸೈಡ್ ಮಾಡಿ ಬಿಟ್ಟಿರುತ್ತದೆ. ದೀಪ ಆರಿಸಿದ್ದು ಆ ಗಾಳಿ. ಇಟ್ಟ ರಾಗಿಯ ತೂಕ ಅಷ್ಟರಮಟ್ಟಿಗೆ ಕಡಿಮೆಯೂ ಆಗಿರುತ್ತದೆ.

ನಮ್ಮ ಚರ್ಮದಡಿಯ, ಹೊಟ್ಟೆಯೊಳಗಿನ ಕೊಬ್ಬಿನ ಕೋಶಗಳೂ ಹಗೇವುಗಳೇ. ದೇಹಕ್ಕೆ ಖರ್ಚು ಹೆಚ್ಚಾಗಿ ಆಮದು ಕಡಿಮೆಯಾದಾಗ ಅವುಗಳ ಬಾಯಿ ತೆರೆಯುತ್ತದೆ. ಕೊಬ್ಬಿನ ದೊಡ್ಡ ಅಣು ಒಡೆದು ಕೊಬ್ಬಿನಾಮ್ಲ ಮತ್ತು ಗ್ಲಿಸರಾಲ್ ಆಗಿ ರಕ್ತಕ್ಕಿಳಿಯುತ್ತದೆ, ರಕ್ತದೊಡನೆ ಸ್ನಾಯುಗಳಿಗೆ ಹೋಗುತ್ತದೆ, ಅಲ್ಲಿನ ಮೈಟೊಕಾಂಡ್ರಿಯಗಳಲ್ಲಿ ನಾವು ಎಳೆದುಕೊಂಡ ಆಮ್ಲಜನಕದ ಜೊತೆ ಸೇರಿ ಉರಿಯುತ್ತದೆ. ಬೂದಿಯೇ ಉಳಿಯದ ಸೌದೆ ಇದು. ಹತ್ತು ಕಿಲೋ ಕೊಬ್ಬು ಉರಿಯಲು ಸುಮಾರು 29 ಕಿಲೋ ಆಮ್ಲಜನಕ ಬೇಕು. ಶಾಖ ಹುಟ್ಟುವುದು ನಿಜ, ಆದರೆ ಕೊಬ್ಬಿನ ಪರಮಾಣುಗಳು ಶಾಖವಾಗುವುದಿಲ್ಲ. ಒಂದೊಂದು ಇಂಗಾಲದ ಪರಮಾಣುವೂ ಉಸಿರನ್ನೇರಿ ಹೊರಬೀಳುತ್ತದೆ. ಎಷ್ಟು ಸಲ ವಿವರಿಸಿದ್ದರೂ ಇಲ್ಲಿಗೆ ಬಂದಾಗ ನನಗೆ ಈಗಲೂ ರೋಮಾಂಚನವೇ.

ಇಷ್ಟು ಅರ್ಥವಾದರೆ ಕೆಲವು ಭ್ರಮೆಗಳು ತಾವಾಗಿಯೇ ಕಳಚುತ್ತವೆ. ಬೆವರು ಬರಲೆಂದು ಮಳೆಕೋಟು ಹಾಕಿಕೊಂಡು ಓಡುವವರನ್ನು ಕಂಡಿದ್ದೇನೆ. ಅವರು ಕಳೆದುಕೊಳ್ಳುವುದು ನೀರು, ಮನೆಗೆ ಬಂದು ಒಂದು ಚೊಂಬು ಕುಡಿದರೆ ವಾಪಸು. ಹೊಟ್ಟೆಗೆ ಪಟ್ಟಿ ಬಿಗಿದು ಹೊಟ್ಟೆಯನ್ನಷ್ಟೇ ಕರಗಿಸುವುದೂ ಆಗದ ಮಾತು. ಯಾವ ಹಗೇವಿನಿಂದ ಮೊದಲು ತೆಗೆಯಬೇಕೆಂದು ತೀರ್ಮಾನಿಸುವುದು ರಕ್ತದಲ್ಲಿನ ಹಾರ್ಮೋನುಗಳು ಮತ್ತು ನಿಮ್ಮ ವಂಶದ ಗುಣ. ಹಾಗಾದರೆ ಕೂತಲ್ಲೇ ಜೋರಾಗಿ ಉಸಿರು ಬಿಟ್ಟರೆ ತೆಳ್ಳಗಾಗಬಹುದಲ್ಲ ಎಂದು ಪ್ರತಿ ಸಭೆಯಲ್ಲೂ ಒಬ್ಬರಾದರೂ ಕೇಳುತ್ತಾರೆ. ಆಗುವುದಿಲ್ಲ, ತಲೆ ಸುತ್ತುತ್ತದೆ ಅಷ್ಟೆ. ಒಲೆಯಲ್ಲಿ ಸೌದೆ ಉರಿಯದೆ ಹೊಗೆಗೂಡು ಎಷ್ಟು ದೊಡ್ಡದಿದ್ದರೇನು? ಸುಮ್ಮನೆ ಕೂತವರು ನಿಮಿಷಕ್ಕೆ ಐದಾರು ಲೀಟರ್ ಗಾಳಿ ಎಳೆಯುತ್ತಾರೆ, ಓಡುವಾಗ ಅದು ಐವತ್ತು ಲೀಟರ್ ದಾಟುತ್ತದೆ. ಸ್ನಾಯು ಕೇಳಿದ್ದರಿಂದ ಉಸಿರು ಏರಿತು, ಅದು ತಿರುವುಮುರುವಾಗದು.

ಈಗ ಒಂದೆರಡು ಅಳತೆಗಳು. ಇಲ್ಲಿ ಕ್ಯಾಲೊರಿ ಎಂದರೆ ಕಿಲೋಕ್ಯಾಲೊರಿ. ಹಿಟ್ಟು-ಸಕ್ಕರೆಯ ಒಂದು ಗ್ರಾಂಗೆ 4, ಪ್ರೋಟೀನಿಗೂ 4, ಎಣ್ಣೆ-ತುಪ್ಪಕ್ಕೆ 9. ಕಿಲೋಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿ. ಬರುವ ಸಂಖ್ಯೆ ನಮ್ಮ ಜನರಲ್ಲಿ 23ರಿಂದ ಮೇಲಿದ್ದರೆ ಹೆಚ್ಚು ತೂಕ, 25ರಿಂದ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು ದರ್ಜಿಯ ಟೇಪನ್ನೇ ಆರಿಸುತ್ತೇನೆ.

ಓಟದ ಖರ್ಚಿಗೆ ನೆನಪಿಡಲು ಸುಲಭವಾದ ಲೆಕ್ಕವೊಂದಿದೆ: ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ. ಎಪ್ಪತ್ತು ಕಿಲೋ ತೂಗುವವರು ಹಾಸನದಿಂದ ಶಾಂತಿಗ್ರಾಮಕ್ಕೆ ಹದಿಮೂರು ಕಿಲೋಮೀಟರ್ ಓಡಿದರು ಎನ್ನಿ. ಸುಮಾರು 900 ಕ್ಯಾಲೊರಿ. ನೂರು ಗ್ರಾಂ ಎಣ್ಣೆಯಲ್ಲಿರುವುದೂ ಅಷ್ಟೇ. ಒಂದು ಕಾಫಿ ಲೋಟ ಕೂಡ ತುಂಬದ ಎಣ್ಣೆಗೆ ಇಷ್ಟು ದೂರದ ಓಟ! ನಿತ್ಯ ಮೂರು ಕಿಲೋಮೀಟರ್ ಓಡುವವರು ಮುಗಿಸಿ ಬಂದು ಹೆದ್ದಾರಿ ಬದಿಯ ಹೋಟೆಲಿನಲ್ಲಿ ಎರಡು ವಡೆ ತಿಂದರೆ ಲೆಕ್ಕ ಚುಕ್ತಾ. ಅಮೆರಿಕದ ಹರ್ಮನ್ ಪಾಂಟ್ಜರ್ ತಾಂಜಾನಿಯದ ಹಾಡ್ಜಾ ಬೇಟೆಗಾರರ ದಿನದ ಶಕ್ತಿಯ ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿದರು. ದಿನವಿಡೀ ಕಾಡು ಸುತ್ತುವ ಅವರ ಖರ್ಚು, ಮೈಗಾತ್ರಕ್ಕೆ ಹೊಂದಿಸಿ ನೋಡಿದರೆ, ಕುರ್ಚಿಯಲ್ಲಿ ಕೂತ ಪಾಶ್ಚಾತ್ಯರ ಖರ್ಚಿಗಿಂತ ಬೇರೆಯಾಗಿರಲಿಲ್ಲ. ಒಂದು ಕಡೆ ಹೆಚ್ಚು ಖರ್ಚಾದರೆ ದೇಹ ಇನ್ನೊಂದು ಕಡೆ ಕೈಬಿಗಿ ಹಿಡಿಯುತ್ತದೆ ಎಂಬುದು ಅವರ ವಾದ. ಹಾಗಾಗಿ ತೂಕ ಇಳಿಯುವ ಕೆಲಸ ಮುಖ್ಯವಾಗಿ ಅಡುಗೆಮನೆಯದು.

ಅಡುಗೆಮನೆ ಎಂದೊಡನೆ ನಮ್ಮ ಕಡೆ ರಾಗಿಯ ಜಪ ಶುರುವಾಗುತ್ತದೆ. "ನಾನು ಹಿಟ್ಟು ಬಿಟ್ಟು ಬೇರೆ ಉಣ್ಣಲ್ಲ, ಆದ್ರೂ ಯಾಕೆ ದಪ್ಪ ಆದೆ?" ಎಂದು ಹೊಳೆನರಸೀಪುರದಲ್ಲೂ ಕೇಳಿದ್ದಾರೆ, ಚನ್ನರಾಯಪಟ್ಟಣದಲ್ಲೂ ಕೇಳಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕ ತೆಗೆದು ನೋಡಿ: ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಬಿಳಿ ಅಕ್ಕಿಯಲ್ಲಿ 356. ಹತ್ತಿರ ಹತ್ತಿರ ಒಂದೇ! ರಾಗಿಯ ಹೆಚ್ಚುಗಾರಿಕೆ ಇರುವುದು ಬೇರೆ ಕಡೆ. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3ಕ್ಕೂ ಕಡಿಮೆ. ಸುಣ್ಣದಂಶವಂತೂ 364 ಮಿಲಿಗ್ರಾಂ. ನಾರಿನಿಂದ ಹೊಟ್ಟೆ ಬೇಗ ತುಂಬುತ್ತದೆ, ಹಸಿವು ತಡವಾಗುತ್ತದೆ. ಆದರೆ ಮುದ್ದೆ ಎಷ್ಟು ದಪ್ಪ ಎನ್ನುವುದೇ ಪ್ರಶ್ನೆ. ಅಜ್ಜ ಎರಡು ದೊಡ್ಡ ಮುದ್ದೆ ಉಂಡು ಗುಂಟೆಗಟ್ಟಲೆ ಗುದ್ದಲಿ ಹಿಡಿದು ಅಗೆಯುತ್ತಿದ್ದರು. ಮೊಮ್ಮಗ ಅದೇ ಎರಡು ಮುದ್ದೆ ಉಂಡು ಬೈಕಿನಲ್ಲಿ ತೋಟಕ್ಕೆ ಹೋಗಿ ಮೋಟಾರಿನ ಸ್ವಿಚ್ಚು ಒತ್ತಿ ಬರುತ್ತಾನೆ.

ಹಾಸನದ ಆಲೂಗೆಡ್ಡೆಗೂ ಹೀಗೆಯೇ ಅನ್ಯಾಯವಾಗಿದೆ. ಬೇಯಿಸಿದ ನೂರು ಗ್ರಾಂ ಗೆಡ್ಡೆಯಲ್ಲಿ ನೂರು ಕ್ಯಾಲೊರಿಯೂ ಇಲ್ಲ. ಅದೇ ಗೆಡ್ಡೆ ಚಿಪ್ಸ್ ಆದಾಗ ನೂರು ಗ್ರಾಂಗೆ 500 ದಾಟುತ್ತದೆ. ಬಾಣಲೆಯಲ್ಲಿ ಗೆಡ್ಡೆಯ ನೀರು ಆವಿಯಾಗಿ ಹೋಗಿ, ಬಿಟ್ಟ ಜಾಗಕ್ಕೆ ಎಣ್ಣೆ ಬಂದು ಕೂರುತ್ತದೆ. ತಪ್ಪು ಗೆಡ್ಡೆಯದಲ್ಲ.

ಹಾಗಾಗಿ ಅಡುಗೆಮನೆಯಲ್ಲಿ ನಾನು ಮೊದಲು ಕೈಹಾಕುವುದು ಎಣ್ಣೆಯ ಕ್ಯಾನಿಗೆ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಎಂಬುದು ವೈದ್ಯರು ಸಾಮಾನ್ಯವಾಗಿ ಕೊಡುವ ಲೆಕ್ಕ. ನಾಲ್ಕು ಜನರ ಮನೆಗೆ ಐದು ಲೀಟರಿನ ಕ್ಯಾನು ಎರಡೂವರೆ ತಿಂಗಳು ಬರಬೇಕು. ತೆರೆದ ದಿನ ಕ್ಯಾನಿನ ಮೇಲೆ ತಾರೀಖು ಬರೆಯಿರಿ, ಸಾಕು. ನಮ್ಮ ಮನೆಯ ಕ್ಯಾನು ಮೊದಲ ಸಲ ಐದು ವಾರಕ್ಕೇ ಬರಿದಾಗಿತ್ತು, ಊರಿಗೆಲ್ಲ ಉಪದೇಶ ಹೇಳುವವನ ಮನೆಯಲ್ಲಿ!

ದುಬಾರಿ ಬೀಜ, ಹೆಸರೇ ಬಾರದ ಸೊಪ್ಪು ತರಬೇಕಿಲ್ಲ. ಉಪ್ಪೆಸರು ಮಾಡುವುದನ್ನು ಒಮ್ಮೆ ನಿಂತು ನೋಡಿ. ಹುರುಳಿಕಾಳನ್ನೋ ಹೆಸರುಕಾಳನ್ನೋ ಬೇಯಲು ಹಾಕಿ, ಮುಕ್ಕಾಲು ಬೆಂದಾಗ ದಂಟಿನ ಸೊಪ್ಪೋ ಕೀರೆ ಸೊಪ್ಪೋ ಹಾಕುತ್ತಾರೆ. ಬೆಂದದ್ದನ್ನು ಬಸಿದರೆ ಕೆಳಗೆ ಇಳಿಯುವುದು ಕಟ್ಟು. ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹಸಿಮೆಣಸಿನಕಾಯಿ ಅರೆದ ಖಾರವನ್ನು ತಟ್ಟೆಯಲ್ಲಿ ಆ ಬಿಸಿ ಕಟ್ಟಿಗೆ ಕಲಸಿಕೊಂಡರೆ ಮುದ್ದೆಗೆ ಸಾರು ಸಿದ್ಧ. ಒಂದು ಹನಿ ಎಣ್ಣೆ ಬಿದ್ದಿಲ್ಲ. ಮೇಲೆ ಉಳಿದ ಕಾಳು-ಸೊಪ್ಪಿನ ಪಲ್ಯಕ್ಕೆ ಒಂದು ಚಮಚದ ಒಗ್ಗರಣೆ ಸಾಕು. ನೂರು ಗ್ರಾಂ ಒಣ ಹುರುಳಿಯಲ್ಲಿ 21 ಗ್ರಾಂಗಿಂತ ಹೆಚ್ಚು ಪ್ರೋಟೀನಿದೆ. ತೂಕ ಇಳಿಯುವಾಗ ಸ್ನಾಯು ಸವೆಯದಂತೆ ಕಾಯುವುದು ಅದೇ. ಹೆಸರಲ್ಲೇ ಉಪ್ಪಿರುವ ಸಾರಿಗೆ ಉಪ್ಪನ್ನು ಮಾತ್ರ ಕೈ ಬಿಗಿಹಿಡಿದು ಹಾಕಿ. ಇನ್ನೊಂದು ಮಾತು: ಓಡುವವನು ಗಂಡ, ಎಣ್ಣೆ ಕಡಿಮೆ ಮಾಡಬೇಕಾದವಳು ಹೆಂಡತಿ ಎಂಬ ಏರ್ಪಾಡು ನನಗೆ ಒಪ್ಪಿಗೆಯಿಲ್ಲ. ಓಡುವವರೇ ಒಗ್ಗರಣೆಗೂ ನಿಲ್ಲಲಿ.

ತೂಕಕ್ಕೆ ಅಡುಗೆಮನೆ ಸಾಕು ಎಂದರೆ ಓಡುವುದೇಕೆ? ಹೃದಯಕ್ಕಾಗಿ. 2025ರ ಜೂನ್-ಜುಲೈ ತಿಂಗಳುಗಳನ್ನು ಹಾಸನ ಜಿಲ್ಲೆ ಮರೆಯುವಂತಿಲ್ಲ. ಚಿಕ್ಕ ವಯಸ್ಸಿನವರೂ ಸೇರಿ ಒಬ್ಬರ ಹಿಂದೊಬ್ಬರು ಹೃದಯಾಘಾತದಿಂದ ಹೋದರೆಂಬ ಸುದ್ದಿಗೆ ಜನ ಬೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಸಾಲುಗಟ್ಟಿದ್ದರು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ನಾಲ್ಕಕ್ಕೆ ಹೃದಯ ಕಾರಣವೇ ಆಗಿರಲಿಲ್ಲ. ಜಿಲ್ಲೆಯಲ್ಲಿ ದಿಢೀರ್ ಏರಿಕೆಯೇನೂ ಕಾಣಲಿಲ್ಲ ಎಂದಿತು ವರದಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ-ಸಿಗರೇಟು, ಕುಡಿತ, ಬೊಜ್ಜು ಎಂಬ ಹಳೆಯ ಕಾರಣಗಳೇ ಮತ್ತೆ ಕಂಡವು. ಹೊಸ ರೋಗವಿಲ್ಲ ಎಂದು ನಿಟ್ಟುಸಿರು ಬಿಟ್ಟವರನ್ನು ಕಂಡೆ. ಹಳೆಯದೇ ಇಷ್ಟು ಜನರನ್ನು ಒಯ್ಯುತ್ತಿದೆಯಲ್ಲ ಎಂದು ನಾನು ಇನ್ನಷ್ಟು ಹೆದರಿದೆ.

ಕೆಲವು ತಿಂಗಳು ಕ್ರಮವಾಗಿ ಓಡಿದ ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ನೂಕುತ್ತದೆ, ಆದ್ದರಿಂದ ಕಡಿಮೆ ಸಲ ಬಡಿದರೆ ಸಾಕಾಗುತ್ತದೆ. ಬೆಳಿಗ್ಗೆ ಹಾಸಿಗೆ ಬಿಡುವ ಮುಂಚೆ ಮಣಿಕಟ್ಟಿನ ನಾಡಿ ಎಣಿಸಿ. ನಿಮಿಷಕ್ಕೆ 80 ಇದ್ದದ್ದು 70ಕ್ಕೆ ಇಳಿದರೆ ದಿನಕ್ಕೆ 14,400 ಬಡಿತ ಉಳಿಯಿತು. ತಕ್ಕಡಿ ಮುಳ್ಳು ಅಲ್ಲಾಡದಿದ್ದರೂ ಈ ಲಾಭ ಬರುತ್ತದೆ. ಓಟ ಶುರುವಾದ ಮೊದಲ ವಾರಗಳಲ್ಲಿ ಮುಳ್ಳು ಮೇಲೇರುವುದೂ ಉಂಟು. ದಣಿದ ಸ್ನಾಯುಗಳು ಸಕ್ಕರೆಯನ್ನು ಗ್ಲೈಕೊಜನ್ ಆಗಿ ಕೂಡಿಡುತ್ತವೆ, ಅದರ ಒಂದೊಂದು ಗ್ರಾಂ ಜೊತೆ ಮೂರು ಗ್ರಾಂನಷ್ಟು ನೀರೂ ಸೇರುತ್ತದೆ. ನನ್ನ ಬಳಿ ಬರುವ ಎಷ್ಟೋ ಜನ ಓಟ ಬಿಟ್ಟದ್ದು ಸರಿಯಾಗಿ ಈ ಘಟ್ಟದಲ್ಲಿ.

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ಬಿಪಿ ಇರುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಬಂದಿರುವವರು ವೈದ್ಯರಿಗೆ ತೋರಿಸಿಯೇ ಶುರು ಮಾಡಿ. ಎದೆ ಹಿಸುಕಿದಂತಾದರೆ, ಕಣ್ಣು ಕತ್ತಲಿಟ್ಟರೆ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ. ಉಳಿದಂತೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ. ಪಕ್ಕದವರ ಜೊತೆ ಮಾತಾಡಲು ಆಗುವಷ್ಟೇ ವೇಗ. ಲಾರಿಗಳು ನುಗ್ಗುವ ಹೆದ್ದಾರಿ ಬೇಡ. ಕೆರೆ ಏರಿ, ಶಾಲೆಯ ಮೈದಾನ, ತೋಟದ ದಾರಿ ಯಾವುದಾದರೂ ಆದೀತು. ಓಡಿದರೆ ಮಂಡಿ ಸವೆಯುತ್ತದೆ ಎಂಬ ಮಾತಿಗೆ ಹವ್ಯಾಸಕ್ಕೆ ಓಡುವವರ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಒಮ್ಮೆಲೇ ದೂರ ಹೆಚ್ಚಿಸಿದರೆ ಮಾತ್ರ ನೋವು ಗ್ಯಾರಂಟಿ.

ಮೇಲೆ ಹೇಳಿದ ಉಸಿರಿನ ಲೆಕ್ಕವನ್ನು ನನ್ನ ಮಾತಿನ ಮೇಲೆ ನಂಬಬೇಡಿ. ಮನೆಯಲ್ಲಿ ಹೈಸ್ಕೂಲು ಓದುವ ಮಗುವಿದ್ದರೆ ಪಕ್ಕ ಕೂರಿಸಿಕೊಂಡು ಮಾಡಿಸಿ. ನಮ್ಮ ಮೈಕೊಬ್ಬಿನ ಒಂದು ಸರಾಸರಿ ಅಣುವಿನಲ್ಲಿ ಇಂಗಾಲ 55, ಜಲಜನಕ 104, ಆಮ್ಲಜನಕ 6. ಅದು ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾತ್ರ ಉಳಿಯಲು ಎಷ್ಟು ಆಮ್ಲಜನಕದ ಅಣುಗಳು ಬೇಕು? ಉತ್ತರ 78. ಬೇರೆ ಸಂಖ್ಯೆ ಬಂದರೆ ಇನ್ನೊಮ್ಮೆ ಮಾಡಿಸಿ.